ಗ್ರೀಕ್–ರೋಮನ್ ಲೋಕದ ಸ್ನಾತಕೋತ್ತರ ಓದು: ಕರ್ನಾಟಕದಿಂದ ಹೊರಡುವವರಿಗೆ

ಬಿ.ಎ. ಮುಗಿಸಿದ ಕೆಲವರಿಗೆ, ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ ಮೇಲೂ ಕೆಲವರಿಗೆ, ಹೋಮರನನ್ನೋ ಪ್ಲೇಟೋನನ್ನೋ ರೋಮನ್ ಸಾಮ್ರಾಜ್ಯದ ಇತಿಹಾಸವನ್ನೋ ಕ್ರಮವಾಗಿ ಓದಬೇಕೆಂಬ ಆಸೆ ಹುಟ್ಟುತ್ತದೆ. ಪಶ್ಚಿಮದ ವಿಶ್ವವಿದ್ಯಾಲಯಗಳಲ್ಲಿ ಈ ಓದಿಗೆ ‘ಕ್ಲಾಸಿಕ್ಸ್’ ಎಂದು ಹೆಸರು. ಆಸೆ ಹುಟ್ಟಿದವರು ಮೊದಲು ಮಾಡುವ ಕೆಲಸ ವಿಶ್ವವಿದ್ಯಾಲಯಗಳ ಶ್ರೇಯಾಂಕ ಪಟ್ಟಿ ತೆರೆದು ಕೂರುವುದು. ಅದು ಕೊನೆಗೆ ಮಾಡಬೇಕಾದ ಕೆಲಸ. ಈ ಕ್ಷೇತ್ರದಲ್ಲಿ ನಿಮಗೆ ಯಾವ ಕೋರ್ಸ್ ಸಿಗುತ್ತದೆ, ಯಾರು ಹಣ ಕೊಡುತ್ತಾರೆ, ಮುಂದೆ ಪಿಎಚ್.ಡಿ.ಗೆ ಬಾಗಿಲು ತೆರೆಯುತ್ತದೆಯೇ ಎಂಬುದನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ತೀರ್ಮಾನಿಸುತ್ತದೆ: ನಿಮಗೆ ಗ್ರೀಕ್ ಅಥವಾ ಲ್ಯಾಟಿನ್ ಎಷ್ಟು ಬರುತ್ತದೆ? ಆದ್ದರಿಂದ ಈ ಲೇಖನದ ಬಹುಪಾಲು ಭಾಷೆಯ ಸುತ್ತಲೇ ಸುತ್ತುತ್ತದೆ. ಅರ್ಜಿ, ವೀಸಾ ಇತ್ಯಾದಿಗಳಿಗೆ ಸಲಹೆಗಾರರು ಊರಿಗೊಬ್ಬರು ಸಿಗುತ್ತಾರೆ. ಭಾಷೆಯ ವಿಷಯ ಅವರಿಗೂ ಗೊತ್ತಿರುವುದಿಲ್ಲ.

ಮೊದಲ ಹೆಜ್ಜೆ: ಯಾವ ಓದು ಬೇಕು?

‘ಕ್ಲಾಸಿಕ್ಸ್’ ಎಂಬ ಒಂದೇ ಹೆಸರಿನಡಿ ನಾಲ್ಕೈದು ಬೇರೆ ಬೇರೆ ಓದುಗಳಿವೆ. ಸೊಫೋಕ್ಲಿಸ್, ವರ್ಜಿಲ್, ಓವಿಡ್ ಮುಂತಾದವರನ್ನು ಮೂಲದಲ್ಲಿ ಓದುವುದು ಭಾಷೆ–ಸಾಹಿತ್ಯದ ಶಾಖೆ. ಇದಕ್ಕೆ ಸಾಮಾನ್ಯವಾಗಿ ಎರಡೂ ಭಾಷೆ ಬೇಕು. ಪ್ರಾಚೀನ ಇತಿಹಾಸದವರು ಥುಸಿಡಿಡೀಸ್, ಟ್ಯಾಸಿಟಸ್ ಜೊತೆಗೆ ಶಾಸನ, ನಾಣ್ಯ, ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಹಾಳೆಗಳನ್ನು ಓದುತ್ತಾರೆ. ಇಲ್ಲಿ ಒಂದು ಭಾಷೆಯಿಂದ ಆರಂಭಿಸಬಹುದು. ಪುರಾತತ್ವಕ್ಕೆ ಭಾಷೆಗಿಂತ ಉತ್ಖನನದ ಅನುಭವ ಮುಖ್ಯ. ಪುಣೆಯ ಡೆಕ್ಕನ್ ಕಾಲೇಜಿನಲ್ಲೋ ನಮ್ಮ ವಿಶ್ವವಿದ್ಯಾಲಯಗಳ ಪ್ರಾಚೀನ ಇತಿಹಾಸ ವಿಭಾಗಗಳಲ್ಲೋ ಓದಿ, ಅಗೆದ ಗುಂಡಿಯ ಪದರಗಳನ್ನು ಗುರುತಿಸಿ ಚಿತ್ರಿಸಲು ಕಲಿತವರ ಅನುಭವಕ್ಕೆ ಅಲ್ಲಿಯೂ ಬೆಲೆಯಿದೆ. ಪ್ರಾಚೀನ ತತ್ತ್ವಶಾಸ್ತ್ರ ಹಲವು ಕಡೆ ತತ್ತ್ವಶಾಸ್ತ್ರ ವಿಭಾಗದಲ್ಲೇ ಇರುತ್ತದೆ.

ಕೊನೆಯದು ‘ರಿಸೆಪ್ಷನ್’. ಗ್ರೀಕ್, ರೋಮನ್ ಕೃತಿಗಳನ್ನು ನಂತರದ ಕಾಲದವರು, ಬೇರೆ ನಾಡಿನವರು ಹೇಗೆ ಓದಿದರು, ಆಡಿದರು, ಬದಲಿಸಿದರು ಎಂಬ ಅಧ್ಯಯನ ಇದು. ಕನ್ನಡದವರಿಗೆ ಇಲ್ಲಿ ಹೇಳಲು ನಿಜವಾಗಿಯೂ ಏನಾದರೂ ಇದೆ. ಸೊಫೋಕ್ಲಿಸನ ಏಜಾಕ್ಸ್ ನಾಟಕವನ್ನು ಬಿ.ಎಂ.ಶ್ರೀ ಅವರು ‘ಅಶ್ವತ್ಥಾಮನ್’ ಆಗಿಸಿದರು. ಟ್ರಾಯ್‌ನ ಶಿಬಿರದಲ್ಲಿ ಮತಿಗೆಟ್ಟ ವೀರನ ಜಾಗಕ್ಕೆ ಕುರುಕ್ಷೇತ್ರದ ಕೊನೆಯ ರಾತ್ರಿಯ ವೀರನನ್ನು ತಂದರು. ಏಸ್ಕಿಲಸನ ನಾಟಕವೊಂದು ಅವರಲ್ಲಿ ‘ಪಾರಸಿಕರು’ ಆಯಿತು. ಲಂಕೇಶರು ಈಡಿಪಸ್ ಮತ್ತು ಅಂತಿಗೊನೆಯ ನಾಟಕಗಳನ್ನು ಕನ್ನಡಕ್ಕೆ ತಂದರು. ಗ್ರೀಕ್ ಮತ್ತು ರೋಮನ್ ನಾಟಕಗಳ ಪ್ರದರ್ಶನದ ದಾಖಲೆಗಳಿಗೆಂದೇ ಆಕ್ಸ್‌ಫರ್ಡ್‌ನಲ್ಲಿ 1996ರಿಂದ ಒಂದು ಸಂಗ್ರಹಾಲಯವಿದೆ. ಆದರೆ ಎಚ್ಚರಿಕೆಯ ಮಾತೊಂದಿದೆ. ಭಾಷೆ ಕಲಿಯುವ ಶ್ರಮ ತಪ್ಪಿಸಿಕೊಳ್ಳಲು ರಿಸೆಪ್ಷನ್ ಕಡೆ ಹೋಗುವವರಿದ್ದಾರೆ. ಮೂಲ ನಾಟಕವನ್ನು ಇಂಗ್ಲಿಷಿನಲ್ಲಿ, ರೂಪಾಂತರವನ್ನು ಕನ್ನಡದಲ್ಲಿ ಓದಿ ಬರೆದ ಪ್ರಬಂಧದಲ್ಲಿ ಏನು ಕೊರತೆಯಿದೆ ಎಂದು ಪರೀಕ್ಷಕರಿಗೆ ಎರಡನೆಯ ಪುಟದಲ್ಲೇ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಮನೆಯಲ್ಲಿ ಕುಳಿತು ಒಂದು ವರ್ಷ ಭಾಷೆ

ಕನ್ನಡಿಗರಿಗೆ, ಅದರಲ್ಲೂ ಹೈಸ್ಕೂಲು, ಪಿಯುಸಿಯಲ್ಲಿ ಸಂಸ್ಕೃತ ಓದಿದವರಿಗೆ, ಇಲ್ಲಿರುವಷ್ಟು ಅನುಕೂಲ ಲಂಡನ್ನಿನ ಹುಡುಗನಿಗೂ ಇಲ್ಲ. ಅವನಿಗೆ ವಿಭಕ್ತಿ ಎಂದರೇನು ಎಂಬುದರಿಂದಲೇ ಹೇಳಿಕೊಡಬೇಕು. ನಮಗೆ ಅದು ಮೂರನೆಯ ತರಗತಿಯ ವಿಷಯ. ಕ್ರಿಯಾಪದದ ಕೊನೆಯಲ್ಲೇ ‘ಯಾರು ಮಾಡಿದರು’ ಎಂಬುದು ಅಡಗಿರುವುದು, ಪದಗಳ ಸ್ಥಾನ ಬದಲಾದರೂ ಅರ್ಥ ಕೆಡದಿರುವುದು, ಇವೆಲ್ಲ ನಮಗೆ ರೂಢಿ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ಸಿಂಹಾಸನಕ್ಕಾಗಿ ತಮ್ಮನೊಬ್ಬ ಅಣ್ಣನ ಮೇಲೆ ದಂಡೆತ್ತಿ ಹೋದಾಗ ಅವನೊಂದಿಗೆ ಹೋದ ಗ್ರೀಕ್ ಸೈನಿಕರ ಕಥೆಯನ್ನು ಕ್ಸೆನೊಫೋನ್ ಬರೆದಿದ್ದಾನೆ. ಗ್ರೀಕ್ ಕಲಿಯುವವರು ವ್ಯಾಕರಣ ಪುಸ್ತಕ ಮುಗಿಸಿದ ಮೇಲೆ ಬಹಳ ಸಲ ಮೊದಲು ಓದುವ ಗದ್ಯ ಅದೇ. ಅದರ ಮೊದಲ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಸುಮಾರಾಗಿ ಹೀಗಿರುತ್ತದೆ:

ದರೇಯೂ ಕೈ ಪರುಸಾತಿದೊಸ್ ಗಿಗ್ನೊಂತೈ ಪೈದೆಸ್ ದುಒ, ಪ್ರೆಸ್ಬುತೆರೊಸ್ ಮೆನ್ ಅರ್ತಕ್ಸೆರ್ಕ್ಸೇಸ್, ನೆಓತೆರೊಸ್ ದೆ ಕೂರೊಸ್.

ದಾರಿಯಸ್ ಮತ್ತು ಪರುಸಾತಿಸ್ ದಂಪತಿಗೆ ಇಬ್ಬರು ಗಂಡುಮಕ್ಕಳು ಹುಟ್ಟುತ್ತಾರೆ, ಹಿರಿಯವನು ಅರ್ತಕ್ಸೆರ್ಕ್ಸೇಸ್, ಕಿರಿಯವನು ಸೈರಸ್. ಸಂಸ್ಕೃತ ಬಲ್ಲವರು ‘ಗಿಗ್ನೊಂತೈ’ ಎಂಬುದನ್ನು ‘ಜಾಯಂತೇ’ ಎಂಬುದರ ಪಕ್ಕದಲ್ಲಿಟ್ಟು ನೋಡಲಿ. ಧಾತು ಒಂದೇ ಮೂಲದ್ದು, ಆತ್ಮನೇಪದದ ಬಹುವಚನ ಪ್ರತ್ಯಯವೂ ಒಂದೇ ಮೂಲದ್ದು. ‘ದುಒ’ ಎಂಬುದು ‘ದ್ವೌ’. ‘ನೆಓತೆರೊಸ್’ನಲ್ಲಿ ‘ನವ’ವೂ ‘ತರ’ ಪ್ರತ್ಯಯವೂ ಕಣ್ಣಿಗೇ ಕಾಣುತ್ತವೆ. ದ್ವಿವಚನ, ಭೂತಕಾಲಕ್ಕೆ ಮುಂದೆ ಸೇರುವ ಅಕಾರದಂಥ ಎಕಾರ, ಧಾತುವಿನ ದ್ವಿತ್ವ, ಲುಙ್‌ ಲಕಾರದಂಥ ರೂಪ, ವಿಧಿಲಿಙ್‌ನಂಥ ರೂಪ, ಇವೆಲ್ಲ ಗ್ರೀಕಿನಲ್ಲಿ ಹಳೆಯ ಪರಿಚಯದವರ ಹಾಗೆ ಎದುರಾಗುತ್ತವೆ.

ಸಂಸ್ಕೃತ ಓದದವರೂ ಧೈರ್ಯಗೆಡಬೇಕಿಲ್ಲ. ಗ್ರೀಕ್ ಗದ್ಯದಲ್ಲಿ ಇಂಗ್ಲಿಷಿನವರು ಅತಿ ಹೆಚ್ಚು ಎಡವುವ ಜಾಗ ಕೃದಂತಗಳದ್ದು. ‘ಎಲ್ಥೋನ್ ಎಯ್ಪೆನ್’ ಎಂದರೆ ‘ಬಂದು ಹೇಳಿದನು’. ‘ಎದ್ದು, ಹೊರಗೆ ಬಂದು, ಸುತ್ತ ನೋಡಿ ಕೂಗಿದನು’ ಎಂದು ಸರಪಳಿ ಕಟ್ಟುವುದು ನಮಗೆ ಉಸಿರಾಟದಷ್ಟು ಸಹಜ. ಆದ್ದರಿಂದ ಗ್ರೀಕನ್ನು ಇಂಗ್ಲಿಷಿಗೆ ಅನುವಾದಿಸಿಕೊಂಡು ಓದುವ ಬದಲು ನೇರ ಕನ್ನಡಕ್ಕೆ ಬರೆದು ನೋಡಿ. ಅರ್ಧದಷ್ಟು ಕಷ್ಟ ಇಳಿಯುತ್ತದೆ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕಾದ್ದರಿಂದ ಕಡೆಯ ಎರಡು ಮೂರು ತಿಂಗಳು ಆ ಅಭ್ಯಾಸವನ್ನೂ ಮಾಡಿಕೊಳ್ಳಬೇಕು ಎಂಬುದು ಬೇರೆ ಮಾತು.

ಅನುಕೂಲ ಇಲ್ಲಿಗೆ ಮುಗಿಯುತ್ತದೆ. ಪದಸಂಪತ್ತನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ. ಸಂಸ್ಕೃತದ ಹೋಲಿಕೆ ಕಂಡ ಕೂಡಲೇ ಅರ್ಥವನ್ನೂ ಊಹಿಸಿಬಿಡುವ ಚಟ ಅಪಾಯಕಾರಿ. ‘ಮೆನ್’, ‘ದೆ’ಯಂಥ ಪುಟ್ಟ ಅವ್ಯಯಗಳನ್ನು ಹಗುರವಾಗಿ ಕಂಡರೆ ವಾದದ ಎಳೆಯೇ ತಪ್ಪಿಹೋಗುತ್ತದೆ.

ಯಾವುದನ್ನು ಮೊದಲು ಕಲಿಯಬೇಕು? ಸಂಸ್ಕೃತ ಚೆನ್ನಾಗಿ ಬಂದರೆ ಗ್ರೀಕ್, ಬಾರದಿದ್ದರೆ ಲ್ಯಾಟಿನ್ ಎನ್ನುವುದು ನನ್ನ ಅಭಿಪ್ರಾಯ. ಲ್ಯಾಟಿನ್ ರೂಪಗಳು ಕಡಿಮೆ, ಲಿಪಿ ಹೊಸದಲ್ಲ, ಒಬ್ಬರೇ ಕಲಿಯಲು ಪುಸ್ತಕಗಳೂ ಹೆಚ್ಚು. ಫ್ರೆಡೆರಿಕ್ ವೀಲಾಕರ ಪ್ರಸಿದ್ಧ ಲ್ಯಾಟಿನ್ ಪಠ್ಯದಲ್ಲಿ 40 ಪಾಠಗಳಿವೆ. ವಾರಕ್ಕೊಂದರಂತೆ ಹೋದರೆ ಹಬ್ಬ, ಮದುವೆ, ಜ್ವರಗಳಿಗೆ ಹನ್ನೆರಡು ವಾರ ಬಿಟ್ಟೂ ವರ್ಷದೊಳಗೆ ಮುಗಿಯುತ್ತದೆ. ವ್ಯಾಕರಣದ ಕೋಷ್ಟಕ ಕಂಡರೆ ಆಗದವರಿಗೆ ಡೆನ್ಮಾರ್ಕಿನ ಹಾನ್ಸ್ ಊರ್ಬೆರ್ಗ್ ಬರೆದ ಪಠ್ಯವಿದೆ. ಅದು ಮೊದಲ ಪುಟದಿಂದ ಕೊನೆಯವರೆಗೆ ಲ್ಯಾಟಿನ್‌ನಲ್ಲೇ ಇದೆ, ಒಂದು ಕುಟುಂಬದ ಕಥೆಯಾಗಿ ಸಾಗುತ್ತದೆ. ಎರಡನ್ನೂ ಜೊತೆಗಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಗ್ರೀಕಿಗೆ ಇದೇ ಮಟ್ಟ ಮುಟ್ಟಲು ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ ಒಂದೂವರೆ ವರ್ಷ ಹಿಡಿಯುತ್ತದೆ ಎಂದುಕೊಳ್ಳಿ.

ಮೂರನೆಯ ಹೆಜ್ಜೆ: ಇಲ್ಲೇ ಸಿಗುವ ಗುರುಗಳು, ಪುಸ್ತಕಗಳು

ನಮ್ಮಲ್ಲಿ ಗ್ರೀಕ್, ಲ್ಯಾಟಿನ್ ಉಳಿದಿರುವುದು ಮುಖ್ಯವಾಗಿ ಕ್ರೈಸ್ತ ಧರ್ಮಶಾಸ್ತ್ರ ವಿದ್ಯಾಲಯಗಳಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಧರ್ಮಾರಾಮ್, ಮಂಗಳೂರಿನ ಸಂತ ಜೋಸೆಫರ ಸೆಮಿನರಿಯಂಥ ಕಡೆ ಈ ಭಾಷೆಗಳನ್ನು ಬಲ್ಲವರಿದ್ದಾರೆ. ಹೊರಗಿನವರಿಗೆ ತರಗತಿಯಲ್ಲಿ ಕೂರಲು ಅಥವಾ ಗ್ರಂಥಾಲಯ ಬಳಸಲು ಅನುಮತಿ ಸಿಗುವುದೇ ಎಂದು ಪತ್ರ ಬರೆದು ಕೇಳಿ. ವಿನಯದಿಂದ ಕೇಳಿದ ಪತ್ರಕ್ಕೆ ಉತ್ತರ ಬರುವ ಸಂಭವ ಹೆಚ್ಚು. ನೆನಪಿಡಬೇಕಾದದ್ದು ಒಂದೇ. ಅಲ್ಲಿ ಕಲಿಸುವುದು ಹೊಸ ಒಡಂಬಡಿಕೆಯ ‘ಕೊಯ್ನೆ’ ಗ್ರೀಕ್. ವಿಶ್ವವಿದ್ಯಾಲಯಗಳು ಅಪೇಕ್ಷಿಸುವ ಅಥೆನ್ಸಿನ ಆಟಿಕ್ ಗ್ರೀಕಿಗಿಂತ ಅದು ಸರಳ. ಕೊಯ್ನೆಯಿಂದ ಆಟಿಕ್‌ಗೆ ಬರಲು ಇನ್ನೊಂದು ಏರು ಹತ್ತಬೇಕು.

ದೆಹಲಿಯ ಜೆಎನ್‌ಯುನಲ್ಲಿ ಗ್ರೀಕ್ ಅಧ್ಯಯನಕ್ಕೆ ದಿಮಿತ್ರಿಯೊಸ್ ಗಲಾನೊಸ್ ಹೆಸರಿನ ಪೀಠ ಸ್ಥಾಪನೆಯಾಗಿತ್ತು. ಈ ಗಲಾನೊಸ್ ಅಥೆನ್ಸಿನವನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಭಾರತಕ್ಕೆ ಬಂದು, ಕಾಶಿಯಲ್ಲಿ ನಾಲ್ಕು ದಶಕದಷ್ಟು ಕಾಲ ನೆಲೆಸಿ, ಸಂಸ್ಕೃತ ಕೃತಿಗಳನ್ನು ಗ್ರೀಕಿಗೆ ಅನುವಾದಿಸಿ, 1833ರಲ್ಲಿ ಅಲ್ಲಿಯೇ ತೀರಿಕೊಂಡ. ನೀವು ಹಿಡಿಯಹೊರಟ ದಾರಿಯನ್ನು ಎದುರು ದಿಕ್ಕಿನಿಂದ ನಡೆದುಬಂದವನು.

ಪುಸ್ತಕಕ್ಕೆ ಹಣ ಸುರಿಯುವ ಅಗತ್ಯ ಈಗಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಜಾಲತಾಣದಲ್ಲಿ ಮೂಲ ಪಠ್ಯಗಳು, ಅನುವಾದಗಳು ಇವೆ. ಪದದ ಮೇಲೆ ಒತ್ತಿದರೆ ಅದರ ವ್ಯಾಕರಣ ಕಾಣುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಲೋಗೆಯೊನ್ ತಾಣದಲ್ಲಿ ದೊಡ್ಡ ನಿಘಂಟುಗಳೆಲ್ಲ ಒಂದೇ ಕಡೆ ಸಿಗುತ್ತವೆ. ಡಿಕಿನ್ಸನ್ ಕಾಲೇಜಿನ ಟೀಕಾ ಸಹಿತ ಪಠ್ಯಗಳು ಉಚಿತ. 1911ರಲ್ಲಿ ಆರಂಭವಾದ ಲೋಬ್ ಮಾಲೆಯಲ್ಲಿ ಎಡಪುಟಕ್ಕೆ ಮೂಲ, ಬಲಪುಟಕ್ಕೆ ಇಂಗ್ಲಿಷ್ ಇರುತ್ತದೆ. ಗ್ರೀಕಿಗೆ ಹಸಿರು ರಟ್ಟು, ಲ್ಯಾಟಿನ್‌ಗೆ ಕೆಂಪು. ಹಕ್ಕುಸ್ವಾಮ್ಯ ತೀರಿದ ಹಳೆಯ ಸಂಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಳ್ಳಬಹುದು. ಬಲಪುಟವನ್ನು ಒಂದು ಹಾಳೆಯಿಂದ ಮುಚ್ಚಿಕೊಂಡೇ ಓದಿ. ಇಲ್ಲದಿದ್ದರೆ ವರ್ಷದ ಕೊನೆಗೆ ಇಂಗ್ಲಿಷ್ ಮಾತ್ರ ಓದಿರುತ್ತೀರಿ. ಈ ಕ್ಷೇತ್ರದಲ್ಲಿ ಈಗ ಯಾವ ಚರ್ಚೆ ನಡೆದಿದೆ ಎಂದು ತಿಳಿಯಲು ‘ಬ್ರಿನ್ ಮಾರ್ ಕ್ಲಾಸಿಕಲ್ ರಿವ್ಯೂ’ ಎಂಬ ಉಚಿತ ವಿಮರ್ಶಾ ಪತ್ರಿಕೆಯನ್ನು ವಾರಕ್ಕೊಮ್ಮೆ ತಿರುವಿಹಾಕುವುದು ಸಾಕು.

ಸ್ವಂತವಾಗಿ ಕಲಿತದ್ದಕ್ಕೆ ಪುರಾವೆ ಬೇಕಾಗುತ್ತದೆ. ‘ಒಂದು ವರ್ಷ ಲ್ಯಾಟಿನ್ ಓದಿದ್ದೇನೆ’ ಎಂದು ಅರ್ಜಿಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ ಎಂದಲ್ಲ, ಆದರೆ ಅಳೆಯಲು ಅವರಿಗೆ ದಾರಿಯಿಲ್ಲ. ಅಂಕ ಅಥವಾ ಶ್ರೇಣಿ ಕೊಡುವ ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸ್ ಒಂದನ್ನಾದರೂ ಮಾಡಿ. ಇಲ್ಲವೇ ಬೇಸಿಗೆ ಶಾಲೆಗೆ ಸೇರಿ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ, ಬರ್ಕ್ಲಿ, ಐರ್ಲೆಂಡಿನ ಕಾರ್ಕ್ ಇವು ತೀವ್ರ ಬೇಸಿಗೆ ತರಗತಿಗಳಿಗೆ ಹೆಸರಾದ ಜಾಗಗಳು. ಯಾವ ವರ್ಷ ಯಾವುದು ಆನ್‌ಲೈನ್‌ನಲ್ಲಿ ನಡೆಯುತ್ತದೆ ಎಂದು ಅವರ ತಾಣದಲ್ಲೇ ನೋಡಿಕೊಳ್ಳಬೇಕು. ಜೊತೆಗೆ ಓದಿದ ಪಠ್ಯಗಳ ಪಟ್ಟಿಯೊಂದನ್ನು ಆರಂಭದಿಂದಲೇ ಬರೆದಿಡಿ: ಯಾವ ಲೇಖಕ, ಎಷ್ಟನೆಯ ಸಾಲಿನಿಂದ ಎಷ್ಟನೆಯ ಸಾಲಿನವರೆಗೆ. ಅಮೆರಿಕದ ಪಿಎಚ್.ಡಿ. ವಿಭಾಗಗಳಲ್ಲಿ ಇಂಥ ಪಟ್ಟಿ ಕೇಳುವುದುಂಟು.

ನಾಲ್ಕನೆಯ ಹೆಜ್ಜೆ: ಭಾಷೆಯ ಮಟ್ಟ ನೋಡಿ ಕೋರ್ಸ್ ಆರಿಸಿ

ಭಾಷೆ ಏನೂ ಬಾರದವರಿಗೆ ತೆರೆದಿರುವುದು ಮುಖ್ಯವಾಗಿ ಬ್ರಿಟನ್ನಿನ ಒಂದು ವರ್ಷದ ಎಂ.ಎ.ಗಳು. ಪ್ರಾಚೀನ ಇತಿಹಾಸ ಅಥವಾ ಕ್ಲಾಸಿಕಲ್ ಸ್ಟಡೀಸ್ ಎಂಬ ಹೆಸರಿನವು. ಲಂಡನ್ನಿನ ಕಿಂಗ್ಸ್ ಕಾಲೇಜು, ಯುಸಿಎಲ್, ರಾಯಲ್ ಹಾಲೊವೆ, ಹಾಗೆಯೇ ಎಡಿನ್‌ಬರೊ, ಡರಮ್, ಎಕ್ಸಿಟರ್‌ಗಳಲ್ಲಿ ದೊಡ್ಡ ವಿಭಾಗಗಳಿವೆ, ಆರಂಭಿಕರಿಗೆ ಭಾಷಾ ತರಗತಿಗಳೂ ಇರುತ್ತವೆ. ಲಂಡನ್ನಿನಲ್ಲಿರುವವರಿಗೆ ಸೆನೆಟ್ ಹೌಸ್‌ನ ಇನ್‌ಸ್ಟಿಟ್ಯೂಟ್ ಆಫ್ ಕ್ಲಾಸಿಕಲ್ ಸ್ಟಡೀಸ್‌ನ ಗ್ರಂಥಾಲಯವೂ ಹತ್ತಿರವಾಗುತ್ತದೆ, ಅದೊಂದೇ ಲಂಡನ್ನಿಗೆ ಹೋಗಲು ಸಾಕಷ್ಟು ಕಾರಣ. ಈ ಪದವಿಗಳ ದೌರ್ಬಲ್ಯ ಅವುಗಳ ಅವಧಿ. ಒಂದೇ ವರ್ಷದಲ್ಲಿ ಹೊಸ ಭಾಷೆ, ಮೂರು ನಾಲ್ಕು ವಿಷಯ, ಪ್ರಬಂಧ ಎಲ್ಲವೂ ಮುಗಿಯಬೇಕು. ವರ್ಷದ ಕೊನೆಗೆ ಪದವಿ ಕೈಗೆ ಬರುತ್ತದೆ, ಪಿಎಚ್.ಡಿ.ಗೆ ಬೇಕಾದ ಭಾಷೆ ಬಂದಿರುವುದಿಲ್ಲ.

ಒಂದು ಭಾಷೆ ನಡುಮಟ್ಟದಲ್ಲಿ ಬಂದರೆ ಆಯ್ಕೆ ಹಿಗ್ಗುತ್ತದೆ. ನೆದರ್ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಇಂಗ್ಲಿಷ್ ಮಾಧ್ಯಮದ ಒಂದು ವರ್ಷದ ಎಂ.ಎ., ಎರಡು ವರ್ಷದ ಸಂಶೋಧನಾ ಎಂ.ಎ. ಎರಡೂ ಇವೆ. ಕೇಂಬ್ರಿಜ್‌ನ ಎಂ.ಫಿಲ್. ಒಂಬತ್ತು ತಿಂಗಳದ್ದು. ಆಕ್ಸ್‌ಫರ್ಡ್‌ನ ಗ್ರೀಕ್–ರೋಮನ್ ಇತಿಹಾಸದ ಪದವಿಗಳಲ್ಲಿ ಭಾಷೆಯನ್ನು ಓದಿನ ಭಾಗವಾಗಿಯೇ ಮುಂದುವರಿಸಬಹುದು. ಅಲ್ಲಿನ ಎರಡು ವರ್ಷದ ಎಂ.ಫಿಲ್., ಒಂದು ವರ್ಷದ ಎಂ.ಎಸ್‌ಟಿ. (ಮಾಸ್ಟರ್ ಆಫ್ ಸ್ಟಡೀಸ್) ಪದವಿಗಿಂತ ದುಬಾರಿ, ಆದರೆ ನಮ್ಮ ಹಿನ್ನೆಲೆಯವರಿಗೆ ಅದೇ ಸರಿ. ಅಮೆರಿಕದ ಪೆನ್ಸಿಲ್ವೇನಿಯಾ, ಜಾರ್ಜ್‌ಟೌನ್ ಮುಂತಾದ ಕಡೆ ‘ಪೋಸ್ಟ್–ಬ್ಯಾಕ್’ ಎಂಬ ಭಾಷಾ ಸಿದ್ಧತೆಯ ಕಾರ್ಯಕ್ರಮಗಳಿವೆ. ಅಲ್ಪಸ್ವಲ್ಪ ಭಾಷೆ ಬರುವವರನ್ನು ಪಿಎಚ್.ಡಿ. ಮಟ್ಟಕ್ಕೆ ಏರಿಸುವುದು ಅವುಗಳ ಕೆಲಸ. ಅವಕ್ಕೆ ಸೇರುವ ಮುನ್ನ ಕೊನೆಗೆ ಸಿಗುವುದು ಪದವಿಯೋ ಪ್ರಮಾಣಪತ್ರವೋ, ವೀಸಾ ಕೊಡುತ್ತಾರೋ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಎರಡೂ ಭಾಷೆ ಗಟ್ಟಿಯಾಗಿದ್ದರೆ ಅಮೆರಿಕದ ಪಿಎಚ್.ಡಿ.ಗೆ ನೇರವಾಗಿ ಅರ್ಜಿ ಹಾಕಬಹುದು. ಒಳ್ಳೆಯ ವಿಭಾಗಗಳಲ್ಲಿ ಐದು ವರ್ಷವೋ ಹೆಚ್ಚೋ ಶುಲ್ಕ ಮನ್ನಾ, ಜೀವನಕ್ಕೆ ವೇತನ, ಮಧ್ಯದಲ್ಲಿ ಎಂ.ಎ. ಕೂಡ ಸಿಗುತ್ತದೆ. ಬದಲಿಗೆ ಅವರು ಕೇಳುವುದು ಹೆಚ್ಚು: ಉದ್ದನೆಯ ಪಠ್ಯಪಟ್ಟಿಗಳ ಮೇಲೆ ಗ್ರೀಕ್, ಲ್ಯಾಟಿನ್ ಪರೀಕ್ಷೆ, ನೋಡದ ಪಠ್ಯವನ್ನು ಕುಳಿತಲ್ಲೇ ಅನುವಾದಿಸುವ ಪರೀಕ್ಷೆ, ಅದರ ಮೇಲೆ ಜರ್ಮನ್ ಮತ್ತು ಫ್ರೆಂಚ್ ಅಥವಾ ಇಟಾಲಿಯನ್ ಓದುವ ಸಾಮರ್ಥ್ಯ.

ಈಗ ಲೆಕ್ಕ ಹಾಕಿ. ಭಾಷೆ ಬಾರದವನು ಬ್ರಿಟನ್ನಿನ ಎಂ.ಎ.ಗೆ ಶುಲ್ಕವೆಂದೇ ಇಪ್ಪತ್ತು ಸಾವಿರ ಪೌಂಡಿನ ಮೇಲೆ ತೆರುತ್ತಾನೆ. ಭಾಷೆ ಬರುವವನಿಗೆ ವಿಶ್ವವಿದ್ಯಾಲಯವೇ ಸಂಬಳ ಕೊಟ್ಟು ಓದಿಸುತ್ತದೆ. ಊರಿನಲ್ಲಿದ್ದು ಕೆಲಸ ಮಾಡುತ್ತ ಭಾಷೆಗೆ ಕೊಟ್ಟ ಎರಡು ವರ್ಷಕ್ಕಿಂತ ಲಾಭದ ಹೂಡಿಕೆ ಈ ಕ್ಷೇತ್ರದಲ್ಲಿಲ್ಲ.

ಜರ್ಮನಿಯನ್ನು ನಮ್ಮವರು ಮರೆತೇಬಿಡುತ್ತಾರೆ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್–ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ಈ ಶಾಸ್ತ್ರವನ್ನು ಆಧುನಿಕ ರೂಪಕ್ಕೆ ತಂದವರೇ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸರು. ಆದರೆ ಕೋರ್ಸ್ ಜರ್ಮನ್ ಭಾಷೆಯಲ್ಲಿರುತ್ತದೆ, ‘ಲ್ಯಾಟಿನುಮ್’, ‘ಗ್ರೇಕುಮ್’ ಎಂಬ ಭಾಷಾ ಪರೀಕ್ಷೆಗಳ ಪ್ರಮಾಣಪತ್ರ ಕೇಳುವುದು ಸಾಮಾನ್ಯ.

ಐದನೆಯ ಹೆಜ್ಜೆ: ಅರ್ಜಿಯ ಜೀವಾಳ, ನಿಮ್ಮ ವಿಷಯ

ಉದ್ದೇಶ ಪತ್ರವನ್ನು ‘ಬಾಲ್ಯದಿಂದಲೂ ಗ್ರೀಕ್ ಪುರಾಣಗಳೆಂದರೆ ನನಗೆ ಪ್ರಾಣ’ ಎಂದು ಆರಂಭಿಸಬೇಡಿ. ಓದುವವರು ಅಂಥವು ನೂರು ಕಂಡಿರುತ್ತಾರೆ. ಯಾವ ಪಠ್ಯ, ಯಾವ ಪ್ರಶ್ನೆ, ಅದಕ್ಕೆ ಆ ವಿಭಾಗವೇ ಏಕೆ ಬೇಕು, ಈ ಮೂರಕ್ಕೆ ಉತ್ತರವಿದ್ದರೆ ಸಾಕು.

ಕನ್ನಡಿಗರ ಅರ್ಜಿಗಳಿಗೆ ಒಂದು ವಿಶೇಷ ಆಕರ್ಷಣೆ ಇದೆ, ಅದನ್ನು ಬಿಡಿಸಿ ಹೇಳಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ 413ನೆಯ ಪಪೈರಸ್‌ನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಖರಿಟಿಯೊನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲತೀರದ ರಾಜನೊಬ್ಬನ ಸೆರೆಯಲ್ಲಿದ್ದಾಳೆ. ಅವಳ ಅಣ್ಣ ಬಂದು, ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಪಾರುಮಾಡುತ್ತಾನೆ. ಭಾರತೀಯ ಪಾತ್ರಗಳು ಆಡುವ, ಗ್ರೀಕ್ ಅಲ್ಲದ ಮಾತುಗಳು ಕನ್ನಡವೆಂದು ಹುಲ್ಟ್‌ಷ್ ಎಂಬ ಶಾಸನತಜ್ಞ 1904ರಲ್ಲಿ ವಾದಿಸಿದ. ಆರ್. ಶಾಮಾಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಆ ಚರ್ಚೆಯನ್ನು ಬೆಳೆಸಿದರು. ಒಪ್ಪದವರೂ ಆಗಲೇ ಇದ್ದರು, ಇಂದಿಗೂ ಒಮ್ಮತವಿಲ್ಲ. ‘ಇದು ಕನ್ನಡವೇ ಎಂದು ಸಾಧಿಸುತ್ತೇನೆ’ ಎಂದು ಬರೆದ ಅರ್ಜಿ ಆಯ್ಕೆ ಸಮಿತಿಯ ಕಣ್ಣಿಗೆ ಅಭಿಮಾನದ ಅರ್ಜಿಯಾಗಿ ಕಾಣುತ್ತದೆ, ತೀರ್ಮಾನ ಮೊದಲೇ ಮುಗಿದಿದೆ ಎಂದು ತೋರುತ್ತದೆ. ಅದೇ ಪಪೈರಸ್ ಬಗ್ಗೆ ಬೇರೆ ಪ್ರಶ್ನೆಗಳಿವೆ. ಯೂರಿಪಿಡೀಸನ ಇಫಿಗೆನಿಯಾ ನಾಟಕವೊಂದರ ಕಥಾಹಂದರವನ್ನು ಈ ಪ್ರಹಸನ ಹೇಗೆ ಅಣಕಿಸುತ್ತದೆ? ಅರ್ಥವಾಗದ ಮಾತಿನಿಂದ ಈಜಿಪ್ಟಿನ ಪ್ರೇಕ್ಷಕರನ್ನು ನಗಿಸುವ ತಂತ್ರವೇನು? ಹಾಳೆಯ ಮೇಲೆ ತಮಟೆ ವಾದ್ಯಗಳಿಗೆಂದು ಗುರುತು ಹಾಕಿರುವುದು ರಂಗಪ್ರಯೋಗದ ಬಗ್ಗೆ ಏನು ಹೇಳುತ್ತದೆ? ಗ್ರೀಕ್ ಓದಬಲ್ಲ, ನಮ್ಮ ಬಯಲಾಟಗಳ ಹಾಸ್ಯಗಾರನನ್ನು ಕಂಡಿರುವ ವಿದ್ಯಾರ್ಥಿ ಈ ಪ್ರಶ್ನೆಗಳನ್ನು ಕೇಳಿದರೆ ಸಮಿತಿ ಕಿವಿಗೊಡುತ್ತದೆ.

ಇತಿಹಾಸದ ಕಡೆಯವರಿಗೆ ವಿಯೆನ್ನಾದಲ್ಲಿರುವ ಮುಜಿರಿಸ್ ಪಪೈರಸ್ ಇದೆ. ಕ್ರಿ.ಶ. ಎರಡನೆಯ ಶತಮಾನದ್ದು, ಪ್ರಕಟವಾದದ್ದು 1985ರಲ್ಲಿ. ಒಂದು ಬದಿಯಲ್ಲಿ ಕೇರಳದ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ ಸಾಲದ ಕರಾರು, ಇನ್ನೊಂದು ಬದಿಯಲ್ಲಿ ‘ಹರ್ಮಪೊಲ್ಲೊನ್’ ಎಂಬ ಹಡಗಿನ ಸರಕಿನ ಲೆಕ್ಕ. ಅದರಲ್ಲಿ ದಂತವಿದೆ, ಜಟಾಮಾಂಸಿಯಿದೆ, ರೋಮನ್ ಸರ್ಕಾರ ಹಾಕುತ್ತಿದ್ದ ಶೇ. 25ರ ಆಮದು ಸುಂಕವೂ ಕಾಣುತ್ತದೆ. ನಮ್ಮ ಕಡೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಟಾಲೆಮಿಯ ಭೂಗೋಳದಲ್ಲಿ ಬನವಾಸಿ ಎಂದು ಗುರುತಿಸಲಾದ ಊರಿನ ಹೆಸರಿದೆ. ಇಂಥ ವಿಷಯ ಆರಿಸಿಕೊಂಡರೆ ಭಾರತದ ಮೂಲಗಳನ್ನೂ ಗ್ರೀಕ್ ಮೂಲಗಳನ್ನೂ ಒಟ್ಟಿಗೆ ಓದಬಲ್ಲವರು ವಿರಳ ಎಂಬುದು ನಿಮ್ಮ ಬಲವಾಗುತ್ತದೆ. ಹಾಗೆಂದು ಭಾರತಕ್ಕೆ ಅಂಟಿಕೊಳ್ಳಲೇಬೇಕೆಂದೇನೂ ಇಲ್ಲ. ಅಥೆನ್ಸಿನ ನ್ಯಾಯಾಲಯದ ಭಾಷಣಗಳೋ ಹೊರೇಸನ ಪದ್ಯಗಳೋ ನಿಮ್ಮನ್ನು ಹಿಡಿದಿದ್ದರೆ ಅದನ್ನೇ ಬರೆಯಿರಿ.

ಬರವಣಿಗೆಯ ಮಾದರಿಯಾಗಿ ಎರಡರಿಂದ ಐದು ಸಾವಿರ ಪದಗಳ ಪ್ರಬಂಧ ಕೇಳುತ್ತಾರೆ. ಹತ್ತು ಸಾಲಿನ ಒಂದು ಭಾಗವನ್ನು ಎತ್ತಿಕೊಂಡು ಅದರ ಮೇಲೆ ವಾದ ಕಟ್ಟಿದ ಪ್ರಬಂಧ, ಇಡೀ ರೋಮನ್ ಸಾಮ್ರಾಜ್ಯದ ಪತನವನ್ನು ವಿವರಿಸುವ ಪ್ರಬಂಧಕ್ಕಿಂತ ಬೆಲೆಯುಳ್ಳದ್ದು. ಶಿಫಾರಸು ಪತ್ರಕ್ಕೆ ಪ್ರಾಂಶುಪಾಲರ ಪದನಾಮಕ್ಕಿಂತ ನಿಮ್ಮ ಕೆಲಸವನ್ನು ಓದಿದ ಮೇಷ್ಟರು ಮೇಲು. ಅವರಲ್ಲಿ ಒಬ್ಬರು ಭಾಷೆ ಕಲಿಸಿದವರಾಗಿರಲಿ.

ಆರನೆಯ ಹೆಜ್ಜೆ: ಹಣ

ಆಕ್ಸ್‌ಫರ್ಡ್‌ನ ಕ್ಲಾರೆಂಡನ್, ಮಾನವಿಕ ವಿಷಯಗಳಿಗೆಂದೇ ಇರುವ ಎರ್ಟೆಗುನ್, ಕೇಂಬ್ರಿಜ್‌ನ ಗೇಟ್ಸ್, ಭಾರತೀಯರಿಗೆ ತೆರೆದಿರುವ ರೋಡ್ಸ್, ಫೆಲಿಕ್ಸ್, ಇನ್‌ಲಾಕ್ಸ್ ಇವು ಮೊದಲು ನೋಡಬೇಕಾದವು. ಷೆವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿರಬೇಕು. ಜೆ.ಎನ್. ಟಾಟಾ ದತ್ತಿ ಕೊಡುವುದು ಸಾಲದ ರೂಪದ ನೆರವು, ಮರುಪಾವತಿ ಮಾಡಬೇಕು.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಹಿಂದುಳಿದ ವರ್ಗದವರಿಗೂ ವಿದೇಶಿ ವ್ಯಾಸಂಗದ ನೆರವುಂಟು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳಲ್ಲಿ 2022ರಲ್ಲಿ ಒಂದು ಬದಲಾವಣೆ ಬಂತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸಗಳನ್ನು ವಿದೇಶದಲ್ಲಿ ಓದಲು ಹಣ ಕೊಡುವುದಿಲ್ಲ ಎಂದು. ಆ ನಿಯಮ ನ್ಯಾಯವೇ ಎಂಬ ಜಗಳ ಬೇರೆ. ಸೊಫೋಕ್ಲಿಸನನ್ನೋ ರೋಮನ್ ಕಾನೂನನ್ನೋ ಓದುವವರಿಗೆ ಅದು ಅಡ್ಡ ಬರುವುದಿಲ್ಲ, ಆದರೆ ಮುಜಿರಿಸ್‌ನಂಥ ವಿಷಯಕ್ಕೆ ಅರ್ಜಿಯ ಶೀರ್ಷಿಕೆ ಬರೆಯುವಾಗ ಎಚ್ಚರವಿರಲಿ. ಇಂಥ ಯೋಜನೆಗಳಲ್ಲಿ ಆದಾಯ ಮಿತಿ, ವಿಶ್ವವಿದ್ಯಾಲಯದ ಶ್ರೇಯಾಂಕ, ಕೊನೆಯ ದಿನಾಂಕಗಳು ವರ್ಷ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಅಧಿಸೂಚನೆಯನ್ನೇ ಓದಬೇಕು.

ವಿದ್ಯಾರ್ಥಿವೇತನ ಸಿಗದಿದ್ದರೆ ಮನೆ ಅಡವಿಟ್ಟು ಹೋಗಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಈ ಕ್ಷೇತ್ರದಲ್ಲಿ ಅಧ್ಯಾಪಕ ಹುದ್ದೆಗಳು ಪಶ್ಚಿಮದಲ್ಲೂ ಕುಗ್ಗುತ್ತಿವೆ. ಹೊವಾರ್ಡ್ ವಿಶ್ವವಿದ್ಯಾಲಯ 2021ರಲ್ಲಿ ತನ್ನ ಕ್ಲಾಸಿಕ್ಸ್ ವಿಭಾಗವನ್ನೇ ಮುಚ್ಚಿತು. ಕಾರ್ಡಿಫ್ ವಿಶ್ವವಿದ್ಯಾಲಯ 2025ರಲ್ಲಿ ಪ್ರಾಚೀನ ಇತಿಹಾಸವನ್ನು ಕೈಬಿಡುವ ಪ್ರಸ್ತಾವ ಮುಂದಿಟ್ಟಿತು. ಸಾಲ ತೀರಿಸುವ ಸಂಬಳ ಈ ಪದವಿಯಿಂದಲೇ ಬರುತ್ತದೆಂದು ಲೆಕ್ಕ ಹಾಕಬಾರದು. ಒಂದು ವರ್ಷ ತಡೆದು, ಭಾಷೆಯನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡು ಮತ್ತೆ ಅರ್ಜಿ ಹಾಕುವುದೇ ಲೇಸು.

ಏಳನೆಯ ಹೆಜ್ಜೆ: ಕಾಗದಪತ್ರ ಮತ್ತು ಕ್ಯಾಲೆಂಡರ್

ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಬ್ರಿಟನ್ನಿನಲ್ಲಿ ಮೂರು ವರ್ಷದ ಪದವಿ ನಡೆಯುತ್ತದೆ. ಅಮೆರಿಕ, ಜರ್ಮನಿಗಳಲ್ಲಿ ವಿಭಾಗವಾರು ಕೇಳಿ ಖಚಿತಪಡಿಸಿಕೊಳ್ಳಬೇಕು. ಬೇಕಾದರೆ ಇಲ್ಲೇ ಇತಿಹಾಸ, ಇಂಗ್ಲಿಷ್ ಅಥವಾ ಸಂಸ್ಕೃತದಲ್ಲಿ ಎಂ.ಎ. ಮಾಡುತ್ತ ಭಾಷೆ ಕಲಿಯುವುದು ಕಾಲವ್ಯಯವೇನಲ್ಲ. ಜರ್ಮನಿಯ ವೀಸಾಕ್ಕೆ ಭಾರತೀಯರು 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ಇಲ್ಲಿನ ಅಂಕಪಟ್ಟಿ, ಪದವಿಪತ್ರಗಳನ್ನು ಪರಿಶೀಲಿಸಿ ಕೊಡುವ ಪತ್ರ, ಪಡೆಯಬೇಕು. ಬ್ರಿಟನ್ನಿನ ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು.

ವಿಶ್ವವಿದ್ಯಾಲಯದ ಕಚೇರಿಯಿಂದ ಟ್ರಾನ್ಸ್‌ಕ್ರಿಪ್ಟ್ ಪಡೆಯಲು ವಾರಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಆಗಸ್ಟ್‌ನಲ್ಲೇ ಅರ್ಜಿ ಕೊಡಿ. ಸೆಪ್ಟೆಂಬರಿನಲ್ಲಿ ಐಇಎಲ್‌ಟಿಎಸ್ ಅಥವಾ ಟೋಫೆಲ್ ಬರೆಯಿರಿ, ಅಕ್ಟೋಬರ್ ಒಳಗೆ ಪ್ರಬಂಧದ ಕರಡನ್ನು ಮೇಷ್ಟರ ಕೈಗೆ ಕೊಡಿ. ಆಕ್ಸ್‌ಫರ್ಡ್, ಕೇಂಬ್ರಿಜ್, ಅಮೆರಿಕದ ಪಿಎಚ್.ಡಿ. ಅರ್ಜಿಗಳು ಡಿಸೆಂಬರ್–ಜನವರಿಯಲ್ಲೇ ಮುಗಿಯುತ್ತವೆ. ವಿದ್ಯಾರ್ಥಿವೇತನಕ್ಕೆ ಪರಿಗಣಿಸಬೇಕಾದರೆ ಆ ದಿನಾಂಕ ತಪ್ಪುವಂತಿಲ್ಲ. ಬ್ರಿಟನ್ನಿನ ಉಳಿದ ಎಂ.ಎ.ಗಳಿಗೆ ಬೇಸಿಗೆಯವರೆಗೂ ಅವಕಾಶವಿರುವುದುಂಟು. ಪ್ರವೇಶದ ಪತ್ರ ಬಂದ ಮೇಲೂ ಪಠ್ಯ ಕೆಳಗಿಡಬೇಡಿ. ಹಲವು ವಿಭಾಗಗಳಲ್ಲಿ ಮೊದಲ ವಾರವೇ ಭಾಷಾ ಮಟ್ಟದ ಪರೀಕ್ಷೆ ಇರುತ್ತದೆ. ಆರಂಭಿಕರ ತರಗತಿಗೋ ಮುಂದಿನದಕ್ಕೋ ಎಂಬುದನ್ನು ಆ ಒಂದು ಗಂಟೆ ತೀರ್ಮಾನಿಸುತ್ತದೆ.